ಹೊಟ್ಟೆನೋವಿನ ನೆಪದಿಂದ ಹರಿಕಥೆಯ ಅಮೃತದವರೆಗೆ: ಮಾನವಿಯ ಜಗನ್ನಾಥದಾಸರು

ಹರಿಹರದಲ್ಲಿ ಗುಹಾರಣ್ಯ ಕ್ಷೇತ್ರವನ್ನು ಬಳಸಿ ಹರಿಯುವ ತುಂಗಭದ್ರೆ ಮುಂದೆ ಹಂಪಿಯನ್ನು ಹಾದು, ಮಂತ್ರಾಲಯದ ದಡವನ್ನು ಮುಟ್ಟಿ, ಕೃಷ್ಣೆಯಲ್ಲಿ ಲೀನವಾಗುತ್ತಾಳೆ. ಈ ಎರಡು ನದಿಗಳ ನಡುವಿನ ದೋಆಬ್ ಸೀಮೆಯಲ್ಲೇ ಇದೆ ಇಂದಿನ ರಾಯಚೂರು ಜಿಲ್ಲೆ. ನೆತ್ತಿ ಸುಡುವ ಬಿಸಿಲು, ಜೋಳ ಬೆಳೆಯುವ ಕಪ್ಪು ನೆಲ, ಮಳೆ ಕೈಕೊಟ್ಟರೆ ಗುಳೇ ಹೋಗುವ ಊರುಗಳು. ಇಂಥ ನೆಲದಲ್ಲಿ ಹದಿನೆಂಟನೆಯ ಶತಮಾನದಲ್ಲಿ ದಾಸಸಾಹಿತ್ಯದ ಎರಡನೆಯ ಬೆಳೆ ಬಂದಿತು. ಪುರಂದರ ಕನಕರ ಕಾಲ ಮುಗಿದು ನೂರು ವರ್ಷಕ್ಕೂ ಮಿಕ್ಕಿ ಸಂದಿತ್ತು. ಹಾಡು ನಿಂತೇಹೋಯಿತೇನೋ ಎನ್ನುವ ಹೊತ್ತಿನಲ್ಲಿ ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಒಬ್ಬರ ಹಿಂದೊಬ್ಬರಂತೆ ಬಂದರು.

ಇವರಲ್ಲಿ ಕೊನೆಯವರ ಬದುಕು ವಿಚಿತ್ರವಾದದ್ದು. ದೇವರು ಒಳ್ಳೆಯವನೇ ಆಗಿದ್ದರೆ, ಎಲ್ಲವೂ ಅವನ ಕೈಯಲ್ಲೇ ಇದ್ದರೆ, ಮನುಷ್ಯನಿಗೆ ನೋವೇಕೆ ಎಂಬ ಪ್ರಶ್ನೆಯನ್ನು ಅವರು ಗ್ರಂಥದಲ್ಲಿ ಓದಿ ಕಲಿತವರಲ್ಲ. ಅದು ಮೊದಲು ಅವರ ಹೊಟ್ಟೆಯಲ್ಲಿ ಶೂಲೆಯಾಗಿ ಹುಟ್ಟಿತು.

ಕ್ರಿ.ಶ. 1728, ಕೀಲಕ ಸಂವತ್ಸರ. ಮಾನವಿ ತಾಲ್ಲೂಕಿನ ಬ್ಯಾಗವಾಟ ಗ್ರಾಮದ ಕರಣಿಕ ಮನೆತನದಲ್ಲಿ ಹುಟ್ಟಿದ ಮಗುವಿಗೆ ಶ್ರೀನಿವಾಸ ಎಂದು ಹೆಸರಿಟ್ಟರು. ಲೆಕ್ಕಪತ್ರ ಬರೆಯುವ ಮನೆಯ ಹುಡುಗ ಶಾಸ್ತ್ರದ ಕಡೆಗೆ ತಿರುಗಿದ. ಮಂತ್ರಾಲಯ ಪರಂಪರೆಯ ವರದೇಂದ್ರ ತೀರ್ಥರ ಬಳಿ ವ್ಯಾಕರಣ, ನ್ಯಾಯ, ಮಾಧ್ವ ವೇದಾಂತಗಳನ್ನು ಓದಿ ಚಿಕ್ಕ ವಯಸ್ಸಿಗೇ ಶ್ರೀನಿವಾಸಾಚಾರ್ಯರೆಂದು ಹೆಸರಾದ. ಮಾನವಿಯಲ್ಲಿ ನೆಲೆಸಿ ಶಿಷ್ಯರಿಗೆ ಪಾಠ ಹೇಳತೊಡಗಿದ. ಇಪ್ಪತ್ತರ ಆಸುಪಾಸಿನ ವಯಸ್ಸು, ಸುತ್ತ ಶಿಷ್ಯರ ಗುಂಪು, ವಾದದಲ್ಲಿ ಎದುರಿಲ್ಲದ ನಾಲಿಗೆ. ಗರ್ವ ಬರಲು ಇಷ್ಟು ಸಾಕು.

ಆ ಕಾಲದ ಮಾಧ್ವ ಸಮಾಜದಲ್ಲಿ ಎರಡು ಕೂಟಗಳಿದ್ದವು. ಸಂಸ್ಕೃತದಲ್ಲಿ ಶಾಸ್ತ್ರ ನಡೆಸುವ ಪಂಡಿತರದು ವ್ಯಾಸಕೂಟ. ತಂಬೂರಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ, ಕನ್ನಡದಲ್ಲಿ ಹಾಡುತ್ತಾ ಬೀದಿ ಸುತ್ತುವವರದು ದಾಸಕೂಟ. ತತ್ತ್ವ ಒಂದೇ. ಆದರೆ ದೇವಭಾಷೆಯಲ್ಲಿ ಹೇಳಬೇಕಾದದ್ದನ್ನು ಅಡುಗೆಮನೆಯ ಭಾಷೆಯಲ್ಲಿ ಹೇಳುವವರ ಬಗ್ಗೆ ಪಂಡಿತರಿಗೆ ಒಳಗೊಳಗೇ ತಾತ್ಸಾರವಿತ್ತು. ಶ್ರೀನಿವಾಸಾಚಾರ್ಯರಿಗೂ ಇತ್ತು. ಈ ತಾತ್ಸಾರ ನಮ್ಮ ಕಾಲಕ್ಕೆ ಅಪರಿಚಿತವೇನಲ್ಲ. ಭಾಷೆಗಳ ಹೆಸರು ಮಾತ್ರ ಬದಲಾಗಿವೆ.

ಮಾನವಿಯಿಂದ ಹೆಚ್ಚು ದೂರವಲ್ಲದ ಚೀಕಲಪರ್ವಿಯವರು ವಿಜಯದಾಸರು (1682–1755). ಕಡುಬಡತನದಲ್ಲಿ ಬೆಳೆದು, ಕಾಶಿಯವರೆಗೆ ಅಲೆದು, ಪುರಂದರದಾಸರ ಅನುಗ್ರಹದಿಂದ ದಾಸರಾದವರೆಂದು ಭಕ್ತರು ನಂಬುವ ಹಿರಿಯರು. ಅವರು ಮಾನವಿಗೆ ಬಂದಾಗ ದೇವರ ಸಮಾರಾಧನೆ ಏರ್ಪಟ್ಟಿತು. ಊರಿನ ವಿದ್ವಾಂಸರೆಂದು ಶ್ರೀನಿವಾಸಾಚಾರ್ಯರಿಗೂ ಆಹ್ವಾನ ಹೋಯಿತು. ದಾಸರ ಪೂಜೆ, ಭಜನೆ, ನರ್ತನಗಳೆಲ್ಲ ಮುಗಿದು ಎಲೆ ಹಾಕುವ ಹೊತ್ತಿಗೆ ಮಧ್ಯಾಹ್ನ ಕಳೆದು ಸಂಜೆಯಾಗುವುದು ವಾಡಿಕೆ. ತಡವಾಗಿ ಉಂಡರೆ ತಮಗೆ ಹೊಟ್ಟೆನೋವು ಬರುತ್ತದೆ, ಬರಲಾಗದು ಎಂದು ಆಚಾರ್ಯರು ಹೇಳಿ ಕಳುಹಿಸಿದರು. ಮನೆಯಲ್ಲೇ ಊಟ ಮುಗಿಸಿದರು. ಅವರಿಗೆ ಯಾವ ಹೊಟ್ಟೆನೋವೂ ಇರಲಿಲ್ಲ. ವಿಜಯದಾಸರು ಆ ಮಾತನ್ನು ಹಾಗೆಯೇ ಆಗಲೆಂದು ಒಪ್ಪಿಕೊಂಡರಂತೆ.

ಮುಂದಿನದು ದಾಸ ಪರಂಪರೆಯ ಮನೆಮನೆಯಲ್ಲಿ ಹೇಳುವ ಕಥೆ. ನೆಪ ನಿಜವಾಯಿತು. ಶೂಲೆ ಬಂದಿತು, ಕೆಲವರು ಅದನ್ನು ಕ್ಷಯವೆಂದೂ ಹೇಳುತ್ತಾರೆ. ಔಷಧ ಹಿಡಿಯಲಿಲ್ಲ. ಉಂಡದ್ದು ದಕ್ಕಲಿಲ್ಲ. ಪಾಠ ನಿಂತಿತು, ಶಿಷ್ಯರು ಚದುರಿದರು. ಊಟವೇ ಬೇಡವೆಂದು ಸುಳ್ಳು ಹೇಳಿದವನಿಗೆ ಊಟವೇ ಸಾಧ್ಯವಿಲ್ಲದ ಸ್ಥಿತಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಊಟದ ಕರೆಯನ್ನು ತಿರಸ್ಕರಿಸಿದ್ದಕ್ಕೆ ಇಷ್ಟು ದೊಡ್ಡ ದಂಡನೆಯೇ ಎಂದು ಇಂದಿನ ಓದುಗರಿಗೆ ಅನ್ನಿಸದಿರದು. ಸಂತನೊಬ್ಬ ಶಪಿಸಬಹುದೇ ಎಂಬ ಪ್ರಶ್ನೆಯೂ ಏಳುತ್ತದೆ. ಸಂಪ್ರದಾಯ ಈ ಕಥೆಯನ್ನು ಹೇಳುವಾಗ ಒಂದು ಎಚ್ಚರವನ್ನು ಕಾಯ್ದುಕೊಂಡಿದೆ: ವಿಜಯದಾಸರು ಶಪಿಸಿದರೆಂದು ಅದು ಹೇಳುವುದಿಲ್ಲ. ಆಚಾರ್ಯರು ತಮ್ಮ ಬಾಯಿಂದಲೇ ತೀರ್ಪು ಬರೆದುಕೊಂಡರು, ದಾಸರು ಅದಕ್ಕೆ ಅಡ್ಡಿ ಬರಲಿಲ್ಲ, ಅಷ್ಟೆ. ಹಳೆಯ ಒಡಂಬಡಿಕೆಯ ಯೋಬನ ಕಥೆಯನ್ನು ಬಲ್ಲವರಿಗೆ ಇದರ ವ್ಯತ್ಯಾಸ ಕೂಡಲೇ ಕಾಣುತ್ತದೆ. ಯೋಬ ತಪ್ಪು ಮಾಡದೆ ನೊಂದವನು. ಅವನ ನೋವು ಪಾಪದ ಫಲವೆಂದು ವಾದಿಸಿದ ಗೆಳೆಯರೇ ಕೊನೆಗೆ ದೇವರ ಮುಂದೆ ತಪ್ಪಿತಸ್ಥರಾದರು. ಶ್ರೀನಿವಾಸಾಚಾರ್ಯರದು ಹಾಗಲ್ಲ. ತಮ್ಮ ನೋವಿನ ಬೇರು ಎಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದವನ ಸಂಕಟವೇ ಬೇರೆ. ಅವನಿಗೆ ದೇವರನ್ನು ದೂರುವ ಸುಖವೂ ಇಲ್ಲ.

ದೇವಸ್ಥಾನಗಳ ಸೇವೆ ಮಾಡಿ, ಕೊನೆಗೆ ಮಂತ್ರಾಲಯಕ್ಕೆ ಬಂದು ರಾಯರ ಬೃಂದಾವನದ ಮುಂದೆ ಬಿದ್ದರು. ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಬೃಂದಾವನಸ್ಥರಾದ ಈ ಸ್ಥಳ ಆಗಲೇ ನೊಂದವರ ಕೊನೆಯ ಬಾಗಿಲಾಗಿತ್ತು. ಕನಸಿನಲ್ಲಿ ಬಂದ ಅಪ್ಪಣೆ ರೋಗ ವಾಸಿಯಾಗಲಿ ಎಂಬುದಾಗಿರಲಿಲ್ಲ. ಎಲ್ಲಿ ತಪ್ಪಿದೆಯೋ ಅಲ್ಲಿಗೇ ಹೋಗು ಎಂಬುದಾಗಿತ್ತು. ಕ್ಷಮೆ ಬೇಡಲು ಬಂದ ಪಂಡಿತರನ್ನು ವಿಜಯದಾಸರು ಕರುಣೆಯಿಂದಲೇ ಕಂಡರು. ಆದರೆ ಪರಿಹಾರ ತಮ್ಮಲ್ಲಿಲ್ಲ, ಉತ್ತನೂರಿನ ಗೋಪಾಲದಾಸರಲ್ಲಿದೆ ಎಂದು ಅವರನ್ನು ಅಲ್ಲಿಗೆ ಕಳುಹಿಸಿದರು.

ಗೋಪಾಲದಾಸರು ರಾಯಚೂರು ಸೀಮೆಯ ಮೊಸರುಕಲ್ಲಿನವರು. ಗದ್ವಾಲ ಸಂಸ್ಥಾನದ ಉತ್ತನೂರಿನಲ್ಲಿ ನೆಲೆಸಿದ್ದವರು. ಶ್ರೀನಿವಾಸಾಚಾರ್ಯರಿಗಿಂತ ಕೆಲವೇ ವರ್ಷ ದೊಡ್ಡವರು. ದೊಡ್ಡ ಶಾಸ್ತ್ರಾಭ್ಯಾಸದ ಹೆಸರಿದ್ದವರಲ್ಲ. ಮಹಾಪಂಡಿತನೊಬ್ಬ ತನ್ನ ಹೆಚ್ಚುಕಡಿಮೆ ಸಮವಯಸ್ಕನಾದ, ಕನ್ನಡದಲ್ಲಿ ಹಾಡುವ ದಾಸನ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು. ಚಿಕಿತ್ಸೆ ಅಲ್ಲಿಂದಲೇ ಆರಂಭವಾಯಿತು ಎನ್ನಬೇಕು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ ಜೋಳದ ರೊಟ್ಟಿಯನ್ನು ಕೈಗಿತ್ತರಂತೆ. ಗಂಜಿಯೂ ದಕ್ಕದ ಹೊಟ್ಟೆಗೆ ರೊಟ್ಟಿ ದಕ್ಕಿತು. ಆಯಸ್ಸು ತೀರಿದ್ದ ಈ ಪಂಡಿತನಿಗೆ ತಮ್ಮ ಆಯುಷ್ಯದಿಂದ ನಲವತ್ತು ವರ್ಷಗಳನ್ನು ದಾನವಾಗಿ ಕೊಟ್ಟರು ಎಂಬುದು ಪರಂಪರೆಯ ನಂಬಿಕೆ.

ನಲವತ್ತು ಎಂಬ ಸಂಖ್ಯೆಯನ್ನು ಅಂಕಗಣಿತಕ್ಕೆ ಒಪ್ಪಿಸಿದರೆ ಲೆಕ್ಕ ಕೂಡಿಬರುವುದಿಲ್ಲ. ವಿಜಯದಾಸರು 1755ರಲ್ಲಿ ಚಿಪ್ಪಗಿರಿಯಲ್ಲಿ ದೇಹ ಬಿಟ್ಟರು. ಆದ್ದರಿಂದ ಇದೆಲ್ಲ ನಡೆದದ್ದು ಅದಕ್ಕೆ ಮೊದಲು, ಶ್ರೀನಿವಾಸಾಚಾರ್ಯರಿಗೆ 27 ತುಂಬುವುದರೊಳಗೆ. ಅವರು ಬದುಕಿದ್ದು 81 ವರ್ಷ. ಕೊಟ್ಟದ್ದಕ್ಕಿಂತ ಹೆಚ್ಚೇ ದೊರೆತಂತಾಯಿತು. ಭಕ್ತರು ಈ ಲೆಕ್ಕ ಹಾಕುವ ಗೋಜಿಗೆ ಹೋಗಿಲ್ಲ. ಇಷ್ಟು ಮಾತ್ರ ಇತಿಹಾಸ: ಗೋಪಾಲದಾಸರು ತಮ್ಮ ಶಿಷ್ಯನಿಗಿಂತ ದಶಕಗಳ ಮೊದಲೇ ತೀರಿಕೊಂಡರು, ಶಿಷ್ಯ ತುಂಬು ಬಾಳು ಬಾಳಿದರು. ತನಗೆ ಸಲ್ಲದ ಆಯಸ್ಸಿನಲ್ಲಿ ಬದುಕುತ್ತಿದ್ದೇನೆ ಎಂಬ ಅರಿವು ಮನುಷ್ಯನನ್ನು ಏನು ಮಾಡಬಲ್ಲದು ಎಂಬುದನ್ನು ನೋಡಲು ಅವರ ಮುಂದಿನ ಐವತ್ತು ವರ್ಷಗಳನ್ನು ನೋಡಿದರಾಯಿತು.

ಗೋಪಾಲದಾಸರ ಅಪ್ಪಣೆಯಂತೆ ಪಂಢರಾಪುರಕ್ಕೆ ಹೋದರು. ಚಂದ್ರಭಾಗೆಯಲ್ಲಿ ಮುಳುಗಿ ಎದ್ದಾಗ ಜಗನ್ನಾಥವಿಠಲ ಎಂಬ ಅಂಕಿತವಿದ್ದ ಶಿಲೆ ದೊರೆಯಿತೆಂದು ಕಥೆ. ಶ್ರೀನಿವಾಸಾಚಾರ್ಯರು ಅಲ್ಲಿಗೆ ಮುಗಿದರು. ಜಗನ್ನಾಥದಾಸರು ಮಾನವಿಗೆ ಮರಳಿದರು. ಯಾವ ಬೀದಿಯಲ್ಲಿ ಪಂಡಿತರಾಗಿ ಓಡಾಡಿದ್ದರೋ ಅದೇ ಬೀದಿಯಲ್ಲಿ ಗೆಜ್ಜೆ ಕಟ್ಟಿ ಹಾಡುವುದು ಸುಲಭದ ಕೆಲಸವಾಗಿರಲಾರದು. ಹಳೆಯ ಶಿಷ್ಯರಲ್ಲಿ ಕೆಲವರಾದರೂ ನಕ್ಕಿರಬೇಕು.

ಅವರು ಹಾಡಿಕೊಂಡಿದ್ದ ಕಾಲವೂ ನೆಮ್ಮದಿಯದಾಗಿರಲಿಲ್ಲ. ರಾಯಚೂರು ಮತ್ತು ಆದವಾನಿ ಸೀಮೆ ನಿಜಾಮನ ಸೋದರ ಬಸಾಲತ್ ಜಂಗನ ಜಹಗೀರಿಯಾಗಿತ್ತು. ಮರಾಠರು, ಹೈದರ್, ನಿಜಾಮ ಮೂವರ ಕುದುರೆಗಳೂ ಆ ದಾರಿಯಲ್ಲಿ ಹಾದುಹೋದವು. 1786ರಲ್ಲಿ ಟಿಪ್ಪು ಆದವಾನಿ ಕೋಟೆಯನ್ನು ಹಿಡಿದ. ಅದಾದ ಕೆಲವೇ ವರ್ಷಗಳಲ್ಲಿ, 1791–92ರ ಹೊತ್ತಿಗೆ, ದಖ್ಖನ್ ಸೀಮೆಯನ್ನು ಬರ ಆವರಿಸಿತು. ಸತ್ತವರನ್ನು ಸುಡಲು, ಹೂಳಲು ಜನವಿಲ್ಲದೆ ಬಯಲಲ್ಲಿ ತಲೆಬುರುಡೆಗಳು ಬಿದ್ದಿದ್ದವೆಂಬ ಕಾರಣಕ್ಕೆ ಆ ಕ್ಷಾಮಕ್ಕೆ ಬುರುಡೆ ಬರವೆಂದೇ ಹೆಸರಾಯಿತು. ಆಗ ದಾಸರಿಗೆ ಅರವತ್ತು ದಾಟಿತ್ತು. ದೇವರ ಕರುಣೆಯನ್ನು ಕುರಿತು ಹಾಡುವವನಿಗೆ ಇದಕ್ಕಿಂತ ಕಠಿಣವಾದ ಶ್ರೋತೃವರ್ಗ ಇರಲಾರದು.

ಜಗನ್ನಾಥದಾಸರು ನೂರಾರು ಕೀರ್ತನೆಗಳನ್ನು ರಚಿಸಿದ್ದಾರೆ. ಹೆಂಗಸರು ಕುಟ್ಟುತ್ತಾ ಹಾಡುವ ಸುವ್ವಿಯ ಮಟ್ಟನ್ನು ತೆಗೆದುಕೊಂಡು ತತ್ತ್ವಸುವ್ವಾಲಿಯನ್ನು ಬರೆದರು. ಶಾಸ್ತ್ರವನ್ನು ಒನಕೆಯ ಲಯಕ್ಕೆ ಇಳಿಸಿದ ಆ ಧೈರ್ಯ ಹಿಂದಿನ ಶ್ರೀನಿವಾಸಾಚಾರ್ಯರಿಂದ ಕನಸಿನಲ್ಲೂ ಆಗದ ಕೆಲಸ. ಆದರೆ ಅವರ ಹೆಸರನ್ನು ನಿಲ್ಲಿಸಿದ್ದು ಹರಿಕಥಾಮೃತಸಾರ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ, 32 ಸಂಧಿಗಳಲ್ಲಿ, ಸಾವಿರದ ಸಮೀಪ ಪದ್ಯಗಳಲ್ಲಿ ಇಡೀ ದ್ವೈತ ಸಿದ್ಧಾಂತವನ್ನು ಕನ್ನಡಕ್ಕೆ ತಂದ ಗ್ರಂಥ ಅದು. ಕನ್ನಡ ಪದ್ಯಕ್ಕೆ ಮೂಗು ಮುರಿದಿದ್ದವರು ಬರೆದ ಕನ್ನಡ ಪದ್ಯಗಳಿಗೆ ಮುಂದೆ ಪಂಡಿತರೇ ಕೂತು ವ್ಯಾಖ್ಯಾನ ಬರೆಯಬೇಕಾಯಿತು.

ಗ್ರಂಥದ ಜೋಡಣೆಯಲ್ಲೇ ಅವರ ಬದುಕಿನ ಗುರುತಿದೆ. ಮಂಗಳಾಚರಣೆ ಮುಗಿದ ಕೂಡಲೇ ಬರುವುದು ಕರುಣಾ ಸಂಧಿ. ಸಿದ್ಧಾಂತ ಗ್ರಂಥವೊಂದು ಪ್ರಮಾಣ ಪ್ರಮೇಯಗಳಿಂದ ಆರಂಭವಾಗುವುದು ರೂಢಿ. ದಾಸರು ಅದೆಲ್ಲವನ್ನೂ ಹಿಂದಕ್ಕೆ ಸರಿಸಿ ಮೊದಲು ದೇವರ ಕರುಣೆಯನ್ನು ಇಟ್ಟರು. ಭಕ್ತ ಮಲಗಿಕೊಂಡೇ ಹಾಡಿದರೂ ಹರಿ ಎದ್ದು ಕುಳಿತು ಕೇಳುತ್ತಾನೆ, ಭಕ್ತ ಒಂದು ಹೆಜ್ಜೆ ಮೇಲೇರಿದರೆ ಅವನು ಇನ್ನೊಂದು ಹೆಜ್ಜೆ ಮುಂದೆ ಬರುತ್ತಾನೆ ಎಂಬ ಆಶಯ ಅಲ್ಲಿದೆ. ಹಾಸಿಗೆ ಹಿಡಿದು ಮಲಗಿದ್ದವನಿಗಲ್ಲದೆ ಮಲಗಿ ಹಾಡುವವನ ನೆನಪು ಮೊದಲಿಗೆ ಹೇಗೆ ಬಂದೀತು?

ಇನ್ನೊಂದು ಸಂಗತಿ ಇದಕ್ಕಿಂತಲೂ ಸೊಗಸು. ಗ್ರಂಥದಲ್ಲಿ ಭೋಜನ ಸಂಧಿ ಎಂಬುದೊಂದಿದೆ. ಎಲೆಯ ಮೇಲಿನ ಒಂದೊಂದು ಪದಾರ್ಥದಲ್ಲೂ ಯಾವ ಯಾವ ದೇವತೆ, ಯಾವ ಭಗವದ್ರೂಪ ಇದೆಯೆಂದು ತಿಳಿದು, ಉಣ್ಣುವ ಕ್ರಿಯೆಯನ್ನೇ ಒಳಗಿರುವ ಹರಿಗೆ ಸಲ್ಲಿಸುವ ಯಜ್ಞವಾಗಿಸುವ ಬಗೆ ಅಲ್ಲಿದೆ. ಒಂದು ಊಟವನ್ನು ಬೇಡವೆಂದು ಕಳೆದುಕೊಂಡವರು, ಒಂದು ತುತ್ತೂ ಇಳಿಯದೆ ನರಳಿದವರು, ಒಂದು ರೊಟ್ಟಿಯಿಂದ ಬದುಕಿ ಉಳಿದವರು ಇದನ್ನು ಬರೆದರೆಂಬುದನ್ನು ನೆನೆದರೆ ಆ ಪದ್ಯಗಳ ರುಚಿಯೇ ಬದಲಾಗುತ್ತದೆ.

ಹಾಗಾದರೆ ನೋವಿನ ಪ್ರಶ್ನೆಗೆ ಅವರು ಕೊಟ್ಟ ಉತ್ತರವೇನು? ಮಧ್ವಮತದಲ್ಲಿ ಸ್ವತಂತ್ರನಾದವನು ಹರಿಯೊಬ್ಬನೇ. ಉಳಿದ ದೇವತೆಗಳು, ಜೀವರು, ಜಡ ಎಲ್ಲವೂ ಪರತಂತ್ರ. ಎಲೆಯೊಂದು ಅಲ್ಲಾಡುವುದೂ ಅವನ ಇಚ್ಛೆಯಿಂದಲೇ ಎಂದ ಮೇಲೆ ಹೊಟ್ಟೆನೋವೂ ಅವನದೇ, ಬರವೂ ಅವನದೇ. ಇಷ್ಟಕ್ಕೇ ನಿಂತರೆ ದೇವರು ನಿರ್ದಯನಾಗುತ್ತಾನೆ, ಮನುಷ್ಯ ಗೊಂಬೆಯಾಗುತ್ತಾನೆ. ಈ ಕಗ್ಗಂಟನ್ನು ಬಿಡಿಸಲು ದಾಸರು ದತ್ತಸ್ವಾತಂತ್ರ್ಯ ಸಂಧಿಯನ್ನು ಬರೆದರು. ಜೀವನಿಗೆ ತನ್ನದೇ ಆದ ಸ್ವಾತಂತ್ರ್ಯವಿಲ್ಲ. ಆದರೆ ಒಡೆಯ ಕೊಟ್ಟ ಸ್ವಾತಂತ್ರ್ಯ ಉಂಟು. ಮಾಲೀಕ ಕೊಟ್ಟ ಬಂಡವಾಳದಲ್ಲಿ ಗುಮಾಸ್ತ ಅಂಗಡಿ ನಡೆಸಿದಂತೆ ಇದು: ಹಣ ಅವನದಲ್ಲ, ವ್ಯವಹಾರದ ಹೊಣೆ ಮಾತ್ರ ಅವನದು. ಅನಾದಿಯಾದ ಕರ್ಮ ಮತ್ತು ಸ್ವಭಾವಕ್ಕೆ ತಕ್ಕಂತೆ ಹರಿ ಫಲ ಕೊಡುತ್ತಾನೆ, ಕೊಡುವುದರಲ್ಲಿ ಪಕ್ಷಪಾತವಿಲ್ಲ. ಸುಖವನ್ನೂ ದುಃಖವನ್ನೂ ಅವನಿಗೇ ಒಪ್ಪಿಸಿದವನಿಗೆ ಶಿಕ್ಷೆಯೂ ಶಿಕ್ಷಣವಾಗುತ್ತದೆ.

ಈ ಉತ್ತರ ಎಲ್ಲರಿಗೂ ಒಪ್ಪಿಗೆಯಾಗದು. ಜೀವರಲ್ಲಿ ತಾರತಮ್ಯವುಂಟು, ಕೆಲವರಿಗೆ ಮುಕ್ತಿಯೇ ಇಲ್ಲ ಎಂಬ ಮಾಧ್ವ ನಿಲುವನ್ನು ಜಗನ್ನಾಥದಾಸರು ಎಲ್ಲಿಯೂ ಸಡಿಲಿಸಿಲ್ಲ. ದೇವತೆಗಳ ಮೆಟ್ಟಿಲು, ದೈತ್ಯರ ಮೆಟ್ಟಿಲು ಎರಡನ್ನೂ ಪಟ್ಟಿ ಮಾಡಿ ಬರೆದಿದ್ದಾರೆ. ಬರದಲ್ಲಿ ಸತ್ತ ಕೂಸು ಯಾವ ಕರ್ಮಕ್ಕೆ ಸತ್ತಿತು ಎಂದು ಕೇಳಿದರೆ ಜನ್ಮಾಂತರದತ್ತ ಕೈ ತೋರಿಸುವುದಲ್ಲದೆ ಈ ಸಿದ್ಧಾಂತಕ್ಕೆ ಬೇರೆ ದಾರಿಯಿಲ್ಲ. ವಾದದ ಬಲಕ್ಕಿಂತ ಹೇಳಿದವರ ಬದುಕಿನ ಬಲ ಇಲ್ಲಿ ದೊಡ್ಡದು. ಅವರು ಇನ್ನೊಬ್ಬರ ನೋವನ್ನು ಕರ್ಮವೆಂದು ದೂರದಿಂದ ಅಳೆದವರಲ್ಲ. ತಮ್ಮ ಮೇಲೆ ಬಂದ ತೀರ್ಪನ್ನು ಒಪ್ಪಿ, ಅದರ ಹಿಂದೆ ಇದ್ದದ್ದು ಕೋಪವಲ್ಲ, ಕರುಣೆ ಎಂದು ಕಂಡುಕೊಂಡವರು.

ದಾಸರಾದ ಮೇಲೂ ಅವರ ಪಾಂಡಿತ್ಯ ಎಲ್ಲಿಗೂ ಹೋಗಲಿಲ್ಲ. ಹರಿಕಥಾಮೃತಸಾರದ ಕೆಲವು ಸಂಧಿಗಳು ಎಷ್ಟು ಬಿಗಿಯೆಂದರೆ, ಅಕ್ಷರಗಳು, ನಾಡಿಗಳು, ಉಸಿರಾಟದ ಎಣಿಕೆ ಇವುಗಳ ಲೆಕ್ಕದಲ್ಲಿ ಸಾಮಾನ್ಯ ಓದುಗ ದಾರಿ ತಪ್ಪುವುದು ಖಂಡಿತ. ಕರಣಿಕರ ಮನೆಯ ಲೆಕ್ಕದ ಬುದ್ಧಿ ಅಲ್ಲಿ ಕೆಲಸ ಮಾಡಿದೆ. ಕನ್ನಡದಲ್ಲಿದೆ ಎಂದ ಮಾತ್ರಕ್ಕೆ ಸುಲಭವೆಂದು ತಿಳಿಯಬಾರದು. ಪುರಂದರದಾಸರ ಪದ ಬೀದಿಯಲ್ಲಿ ನಿಂತು ಕೇಳಿದವನಿಗೂ ತಿಳಿಯುತ್ತದೆ. ಇದಕ್ಕೆ ಗುರು ಬೇಕು, ತಾಳ್ಮೆ ಬೇಕು. ಆದರೂ ಅರ್ಥ ಪೂರ್ತಿ ತಿಳಿಯದ ಹೆಣ್ಣುಮಕ್ಕಳೇ ಈ ಗ್ರಂಥವನ್ನು ತಲೆಮಾರಿನಿಂದ ತಲೆಮಾರಿಗೆ ಬಾಯಿಪಾಠದಲ್ಲಿ ಉಳಿಸಿಕೊಂಡು ಬಂದರು. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿಗಳ ಭಜನಾ ಮಂಡಳಿಗಳಲ್ಲಿ ಇಂದಿಗೂ ಅದನ್ನು ಹಾಡುವವರಲ್ಲಿ ಹೆಚ್ಚಿನವರು ಅವರೇ.

ಶಿಷ್ಯರಲ್ಲಿ ಲಿಂಗಸುಗೂರಿನ ಪ್ರಾಣೇಶದಾಸರದು ದೊಡ್ಡ ಹೆಸರು. ಇನ್ನೊಬ್ಬರು ಹಾವೇರಿ ಬಳಿಯ ಕರ್ಜಗಿಯವರು, ಶ್ರೀದವಿಠಲ ಅಂಕಿತದ ಕರ್ಜಗಿ ದಾಸಪ್ಪನವರು. ಇವರು ಮೊದಲಿಗೆ ಲೌಕಿಕ ಸುಖದಲ್ಲಿ ಮುಳುಗಿದ್ದವರೆಂದು ಹೇಳಿಕೆ. ಇಂಥವರನ್ನು ಹತ್ತಿರ ಸೇರಿಸಬಾರದೆಂದು ಇತರರು ಎಣಿಸಿರಬಹುದು, ಜಗನ್ನಾಥದಾಸರು ಸೇರಿಸಿಕೊಂಡರು. ಬಾಗಿಲಾಚೆ ನಿಂತು ಒಳಗೆ ಬರಲು ಬೇಡಿಕೊಂಡ ಅನುಭವ ಅವರಿಗೂ ಇತ್ತಲ್ಲ. ಗುರುವಿನ ಮಹಾಗ್ರಂಥಕ್ಕೆ ಫಲಶ್ರುತಿಯನ್ನು ಬರೆಯುವ ಭಾಗ್ಯ ಈ ಕರ್ಜಗಿ ದಾಸಪ್ಪನವರದಾಯಿತು.

ಕ್ರಿ.ಶ. 1809, ಶುಕ್ಲ ಸಂವತ್ಸರದ ಭಾದ್ರಪದ ಶುದ್ಧ ನವಮಿಯಂದು ದಾಸರು ಮಾನವಿಯಲ್ಲಿ ಕಣ್ಮುಚ್ಚಿದರು. ಅಷ್ಟರಲ್ಲಿ ಟಿಪ್ಪು ಇರಲಿಲ್ಲ, ಬಸಾಲತ್ ಜಂಗ್ ಇರಲಿಲ್ಲ. ಆದವಾನಿ ಸೀಮೆ ಕಂಪನಿ ಸರ್ಕಾರದ ಕೈಗೆ ಹೋಗಿ ಒಂಬತ್ತು ವರ್ಷವಾಗಿತ್ತು. ಓಲೆಗರಿ, ಕೈಬರಹದ ಪುಸ್ತಕಗಳಲ್ಲಿ ಹಂಚಿಹೋಗಿದ್ದ ಅವರ ಮತ್ತು ಅವರ ಬಳಗದ ಹಾಡುಗಳನ್ನು ಇಪ್ಪತ್ತನೆಯ ಶತಮಾನದಲ್ಲಿ ಲಿಂಗಸುಗೂರಿನ ಗೊರೆಬಾಳ ಹನುಮಂತರಾಯರು ಊರೂರು ತಿರುಗಿ ಕಲೆಹಾಕಿ ಅಚ್ಚು ಹಾಕಿಸದಿದ್ದರೆ ಎಷ್ಟು ಉಳಿಯುತ್ತಿತ್ತೋ ಹೇಳಲಾಗದು.

ಮಾನವಿಯಲ್ಲಿ ದಾಸರು ಬಾಳಿದ ಮನೆ ಈಗ ಅವರ ಗುಡಿ. ಅಲ್ಲಿ ಪೂಜೆಗೊಳ್ಳುವುದು ದಾಸರು ಒರಗಿ ಕೂತು ಹಾಡುತ್ತಿದ್ದರೆಂದು ನಂಬಲಾದ ಒಂದು ಕಂಬ. ಅವರು ಪ್ರಹ್ಲಾದನ ತಮ್ಮ ಸಹ್ಲಾದನ ಅಂಶವೆಂದು ಭಕ್ತರು ನಂಬುತ್ತಾರೆ. ಕಂಬಕ್ಕೂ ಆ ಮನೆತನಕ್ಕೂ ಇರುವ ಹಳೆಯ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿವರ್ಷ ಭಾದ್ರಪದ ನವಮಿಗೆ ನಡೆಯುವ ಆರಾಧನೆಯಲ್ಲಿ ಹರಿಕಥಾಮೃತಸಾರದ ಪಾರಾಯಣವಾಗುತ್ತದೆ. ಪೂಜೆ, ಭಜನೆಗಳೆಲ್ಲ ಮುಗಿದ ಬಳಿಕವೇ ಊಟದ ಎಲೆ ಬೀಳುತ್ತದೆ. ತಡವಾಯಿತೆಂದು ಅಲ್ಲಿ ಯಾರೂ ಏಳುವುದಿಲ್ಲ.